ಊಟದ ಕಟ್ಟೆಗೆ ಒಂದು ಕರ್ಣಾ

ಮೈಕು ಮಾರಲು ಬೆಳಗಾವಿಯಿಂದ ಬಂದ ಏಜೆಂಟ ಪೆಟ್ಟಿಗೆ ಇಳಿಸಿದ ಕೂಡಲೇ ನಾನು ಅದರ ಮೂಲೆಯ ಕಪ್ಪು ಬಣ್ಣವನ್ನು ಉಗುರಿನಿಂದ ಕೆರೆದು ನೋಡಿದೆ. ಕೆಳಗೆ ಹಸಿರು ಬಣ್ಣವಿತ್ತು. ಮಿಲಿಟರಿ ಹಸಿರು. ಎರಡನೆಯ ಮಹಾಯುದ್ಧ ಮುಗಿದು ಆಗಿನ್ನೂ ವರ್ಷ ತುಂಬಿರಲಿಲ್ಲ. ದಂಡಿನವರು ಬಿಟ್ಟುಹೋದ ಸಾಮಾನುಗಳು ಬೆಳಗಾವಿಯ ಪೇಟೆಯಲ್ಲಿ ಹೊಸ ಬಣ್ಣ ಬಳಿದುಕೊಂಡು ಮದುಮಗನ ಹಾಗೆ ಕೂತಿರುವುದನ್ನು ನಾನು ಕಣ್ಣಾರೆ ಕಂಡಿದ್ದೆ.

"ಹೊಚ್ಚ ಹೊಸಾದ್ರಿ ಇದು," ಎಂದ ಏಜೆಂಟ.

"ಹೌದ್ರಿ, ಬಣ್ಣಾ ಹೊಸಾದೈತಿ," ಎಂದೆ.

ಗೋಕಾಕದಿಂದ ಮೂಡಲಗಿಗೆ ಹೋಗುವ ದಾರಿಯ ಬದಿಗಿದ್ದ ಒಂದು ಸಣ್ಣ ನೂಲಿನ ಗಿರಣಿಯಲ್ಲಿ ನಾನು ವಾಯರಮನ್, ಅಂದರೆ ಕರೆಂಟಿನ ಕೆಲಸದವ. ಫಾಲ್ಸ್ ನೋಡಲು ಬಂದ ಮಂದಿ ಹಾಗೇ ನಮ್ಮ ಗಿರಣಿಗೂ ಹಣಿಕಿ ಹಾಕುತ್ತಿದ್ದರು. ಹುಕ್ಕೇರಿಯ ನೇಕಾರರು, ಯಮಕನಮರಡಿಯ ವ್ಯಾಪಾರಸ್ಥರು, ಸಾಲಿಯ ಮಾಸ್ತರರು, ಒಬ್ಬರಲ್ಲ ಇಬ್ಬರಲ್ಲ. ಬಂದವರು ಬಂದಂತೆ ಮಷಿನ್ನಿನ ಮೈಮೇಲೆ ಬೀಳುವುದು. ಒಂದು ದಿನ ಒಬ್ಬ ಹಿರಿಯರ ಧೋತರದ ಚುಂಗು ಮಷಿನ್ ತಿರುಗಿಸುವ ಪಟ್ಟಾಕ್ಕೆ ಸಿಕ್ಕಿತು. ಫಿಟರ್ ಓಡಿಹೋಗಿ ಪಟ್ಟಾ ಕೆಡವದಿದ್ದರೆ ಅವರ ಕಾಲೂ ಧೋತರದ ಹಿಂದೆಯೇ ಹೋಗುತ್ತಿತ್ತು. ಅಂದೇ ನಮ್ಮ ಸಾವಕಾರರು ತೀರ್ಮಾನಿಸಿದರು: ಬಂದವರನ್ನು ಮೊದಲು ಒಂದು ಕೋಣೆಯಲ್ಲಿ ಕೂರಿಸಬೇಕು, ಹತ್ತಿ ನೂಲಾಗುವ ಬಗೆಯನ್ನು ಪರದೆಯ ಮೇಲೆ ಚಿತ್ರ ತೋರಿಸಿ, ಎಲ್ಲರಿಗೂ ಕೇಳುವಂತೆ ಮೈಕಿನಲ್ಲಿ ಹೇಳಬೇಕು, ಆಮೇಲೆ ಹಗ್ಗದ ಆಚೆಯಿಂದ ನಡೆಸಿಕೊಂಡು ಹೋಗಬೇಕು. ಹಳೆಯ ಅರಳೆ ಗೋದಾಮು ಅದಕ್ಕೆ ಖಾಲಿಯಾಯಿತು.

ಸಾಮಾನು ಆರಿಸುವ ಕೆಲಸ ನನಗೆ ಬಂತು. "ನೀನು ಸಂಶೇದ ಪ್ರಾಣಿ ಅದೀದಿ, ಅದಕ್ಕಽ ನಿನಗ ಹಚ್ಚಾಕತ್ತೇನಿ," ಎಂದರು ಸಾವಕಾರರು. ಹೊಗಳಿದರೋ ತೆಗಳಿದರೋ ತಿಳಿಯಲಿಲ್ಲ. ಅದರ ಮೇಲೂ ನನಗೆ ಸಂಶಯವೇ.

ಮೊದಲ ದಿನ ಚಿತ್ರ ತೋರಿಸುವ ಲ್ಯಾಂಟರ್ನ್ ಪರೀಕ್ಷೆ. ದೀಪದ ಮುಂದೆ ಗಾಜಿನ ಚಿತ್ರ ಇಟ್ಟರೆ ಗೋಡೆಯ ಮೇಲೆ ಅದು ಆಳೆತ್ತರವಾಗಿ ಬೀಳುತ್ತದೆ. ಏಜೆಂಟ ಮೊದಲನೆಯ ಚಿತ್ರವನ್ನು ತಲೆಕೆಳಗಾಗಿ ಇಟ್ಟ. ನಮ್ಮ ಗಿರಣಿಯ ಚಿಮಣಿ ಬಾವಿಗೆ ಇಳಿಬಿಟ್ಟ ಕೊಡದ ಹಾಗೆ ಜೋತುಬಿತ್ತು. ಅದೇನೂ ದೊಡ್ಡದಲ್ಲ, ಬಿಡಿ. ನಾನು ಗಮನಿಸಿದ್ದು ಕಾವನ್ನು. ಒಂದೇ ಚಿತ್ರವನ್ನು ತೆಗೆಯದೆ ಬಿಡಲು ಹೇಳಿದೆ. ಸ್ವಲ್ಪ ಹೊತ್ತಿಗೆ ಚಟ್ ಎಂದು ಗಾಜು ಸೀಳಿತು. ದೀಪಕ್ಕೂ ಚಿತ್ರಕ್ಕೂ ನಡುವೆ ಕಾವು ತಡೆಯುವ ದಪ್ಪ ಗಾಜು ಇರಬೇಕಾಗಿತ್ತು. ಆ ಜಾಗ ಖಾಲಿ ಇತ್ತು.

"ದಾರ್ಯಾಗ ಎಲ್ಲೋ ಬಿದ್ದಿರಬೇಕ್ರಿ," ಎಂದ.

"ಬಿದ್ದಿರ್ತೈತಿ, ಬಿದ್ದಿರ್ತೈತಿ. ಬರೂಮುಂದ ಹುಡುಕ್ಕೊಂಡ ಬರ್ರಿ."

ಮರುದಿನ ದನಿ ಹಿಗ್ಗಿಸುವ ಮೈಕಿನ ಪೆಟ್ಟಿಗೆ. ಆತ ತನ್ನ ಜೊತೆಗೇ ತಂದ ಬ್ಯಾಟರಿಗೆ ಜೋಡಿಸಿ, "ಹಲೋ, ಹಲೋ" ಎಂದು ಇಡೀ ಗೋದಾಮು ಗದಗುಟ್ಟಿಸಿದ. ಸಾವಕಾರರ ಮುಖ ಅರಳಿತು. ನಾನು ಮಾತ್ರ ಬ್ಯಾಟರಿಯನ್ನೇ ನೋಡುತ್ತಿದ್ದೆ. ಗಿರಣಿಯಲ್ಲಿ ಕರೆಂಟು ಇರುವಾಗ ಬ್ಯಾಟರಿ ಯಾಕೆ ಹೊತ್ತು ತಂದ? ನಮ್ಮದು ಎಂಜಿನ್ನಿನ ಬಾಜೂ ಇದ್ದ ಡೈನಮೊ. ಅದು ಕೊಡುವುದು ಒಂದೇ ದಿಕ್ಕಿಗೆ ಹರಿಯುವ ಡೀಸಿ ಕರೆಂಟು. ಬ್ಯಾಟರಿ ಬಿಟ್ಟರೆ ಅವನ ಪೆಟ್ಟಿಗೆಗೆ ಬೇಕಾದ್ದು ಹಿಂದೆ ಮುಂದೆ ಓಡಾಡುವ ಏಸಿ. ನೇರ ಜೋಡಿಸಿದರೆ ಒಳಗಿನ ಸುರುಳಿ ಸುಟ್ಟು ಹೊಗೆಯೇ ಮಾತಾಡಬೇಕು.

"ನಮ್ಮ ಪ್ಲಗ್ಗಿಗೆ ಹಚ್ಚಿ ತೋರಸ್ರಿ ನೋಡೂಣು," ಎಂದೆ.

ಆತ ಬೆವರೊರೆಸಿಕೊಂಡ. "ಅದಕ್ಕ ಕನ್ವರ್ಟರ್ ಅಂತ ಬ್ಯಾರೆ ಮಷಿನ್ ಬರ್ತೈತ್ರಿ."

"ಎಲ್ಲೈತಿ?"

"ಬೆಳಗಾವ್ಯಾಗ."

ಆತ ಇನ್ನೊಂದು ಮಾತು ಹೇಳಿದ್ದ, ಇಂಥದೇ ಸೆಟ್ಟು ಹುಕ್ಕೇರಿಯಲ್ಲಿ ಒಂದು ನಾಟಕ ಕಂಪನಿಗೆ ಕೊಟ್ಟಿದ್ದೇನೆ, ಹೂವಿನಂತೆ ನಡೆದಿದೆ ಎಂದು. ನಾನು ಆ ವಾರದ ರಜೆಯ ದಿನ ಸರ್ವಿಸ್ ಮೋಟಾರು ಹಿಡಿದು ಹುಕ್ಕೇರಿಗೇ ಹೋದೆ. ಮೈಕಿನ ಮಾತೆತ್ತಿದ್ದೇ ತಡ ನಾಟಕದ ಟೆಂಟಿನ ಮಾಲಕ ನಕ್ಕ. "ಎರಡ ದಿನಾ ಚಲೋ ನಡೀತ್ರಿ. ಮೂರನೇ ದಿನಾ ರಾಜನ ಪಾರ್ಟಿನವಾ ಬಾಯಿ ತಗದ್ರ ಬೆಕ್ಕಿನ ದನಿ ಬಂತು. ಮಂದಿ ಅದಕ್ಕಽ ಒನ್ಸ್ ಮೋರ್ ಅಂದ್ರು!" ಅವನ ಪೆಟ್ಟಿಗೆ ಬಿಚ್ಚಿ ನೋಡಿದೆ. ಬಲ್ಬಿನಂಥ ಒಂದು ವಾಲ್ವು ಸಡಿಲವಾಗಿತ್ತು, ಅಷ್ಟೇ. ಒತ್ತಿ ಕೂರಿಸಿದೆ, ರಾಜನ ದನಿ ರಾಜನಿಗೆ ಬಂತು. ಅಂದರೆ ಸಾಮಾನು ತೀರಾ ಕೆಟ್ಟದ್ದಲ್ಲ, ಮಾರುವವನ ಬಾಯಿ ಮಾತ್ರ ಉದ್ದ ಎಂದು ಮನಸ್ಸಿನಲ್ಲಿ ಬರೆದುಕೊಂಡೆ.

ಕನ್ವರ್ಟರ್ ಬಂದ ಮೇಲೆ ಕಿವಿಗೆ ಕೇಳುವ ಪರೀಕ್ಷೆ. ನೂಲು ಒಯ್ಯಲು ಬಂದಿದ್ದ ಹುಕ್ಕೇರಿಯ ನೇಕಾರನೊಬ್ಬನನ್ನು ಗೋದಾಮಿನ ಹಿಂದಿನ ಮೂಲೆಯಲ್ಲಿ ನಿಲ್ಲಿಸಿ, ಕೇಳಿದ್ದನ್ನು ಕೇಳಿದ ಹಾಗೇ ಹೇಳು ಎಂದೆ. ನಾನು ಮೈಕಿನಲ್ಲಿ, "ಸಾಲಾಗಿ ಕಾಣುವುವೇ ಕದಿರು," ಎಂದೆ. ಕದಿರು ಎಂದರೆ ನೂಲು ಸುತ್ತುವ ಕಡ್ಡಿ. ಆತ ಗಾಬರಿಯಾಗಿ ನನ್ನ ಮುಖ ನೋಡಿದ.

"ಏನ ಕೇಳಿಸ್ತು?"

"ಸಾಲಾಗಿ ಬಂದು ಕದೀರಿ, ಅಂದಂಗಾತ್ರಿ."

ಸಾವಕಾರರ ಎದುರಿಗೇ! ನಗು ತಡೆಯಲಾರದೆ ನಾನು ಮೈಕಿಗೇ ನಕ್ಕುಬಿಟ್ಟೆ, ಅದು ಹತ್ತು ಪಟ್ಟು ದೊಡ್ಡದಾಗಿ ಹೊರಗೆ ಬಂತು. ತಪ್ಪು ಮೈಕಿನದಲ್ಲ, ತಗಡಿನ ಮಾಡಿನದು. ದನಿ ಅದಕ್ಕೆ ಬಡಿದು ತಿರುಗಿ ಬರುತ್ತಿತ್ತು. ಗೋಡೆಗೆ ಗೋಣಿ ತಾಟು ಕಟ್ಟಿಸಿದೆ, ದನಿ ಹೊರಡುವ ಸ್ಪೀಕರುಗಳನ್ನು ಮಾಡಿನಿಂದ ಇಳಿಸಿ ಆಳಿನ ತಲೆಯ ಮಟ್ಟಕ್ಕೆ ಇಟ್ಟೆ, ದನಿಯನ್ನು ಅರ್ಧಕ್ಕೆ ತಗ್ಗಿಸಿದೆ. ಆಮೇಲೆ ಕದಿರು ಕದಿರೇ ಆಯಿತು.

ಇಲ್ಲಿಯವರೆಗೆ ನನ್ನ ಸಂಶಯ ನನಗೆ ಉಪಕಾರ ಮಾಡಿತ್ತು. ಮುಂದಿನದು ಕೇಳಿ.

ಏಜೆಂಟನ ಯಾದಿಯಲ್ಲಿ ಗೋದಾಮಿಗೆ ಎರಡು ಸ್ಪೀಕರು ಎಂದು ಬರೆದಿತ್ತು. ಅದರ ಕೆಳಗೆ ಸಾವಕಾರರು ತಮ್ಮ ಕೈಯಿಂದಲೇ ಒಂದು ಸಾಲು ಸೇರಿಸಿದ್ದರು: "ಊಟದ ಕಟ್ಟೆಗೆ ಕರ್ಣಾ ೧." ನನ್ನ ಕಣ್ಣು ಅಲ್ಲಿಯೇ ನಿಂತಿತು. ಕರ್ಣ ಎಂದರೆ ಕಿವಿ. ನಮ್ಮೂರು ಕಣಗಲಾದ ಕನ್ನಡ ಸಾಲಿಯಲ್ಲಿ ನಾಲ್ಕನೆಯ ಇಯತ್ತೆ ಓದಿದ ನನಗೆ ಅಷ್ಟು ಗೊತ್ತಿತ್ತು. ಸ್ಪೀಕರು ಬೇರೆ, ಕರ್ಣ ಬೇರೆ. ಊಟದ ಕಟ್ಟೆಗೆ ಕಿವಿ ಯಾಕೆ? ಏಜೆಂಟನ ಪೆಟ್ಟಿಗೆಯಲ್ಲಿ ನೋಡಿದರೆ ಖರೇನೇ ಒಂದು ಬೇರೆ ಸಾಮಾನು ಇತ್ತು, ಧತ್ತೂರಿ ಹೂವಿನಂಥ ದೊಡ್ಡ ಬಾಯಿಯದು. ಇದು ಯಾತಕ್ಕೆ ಎಂದರೆ, "ಸಾವಕಾರ್ರಿಗೆ ಗೊತ್ರಿ" ಎಂದು ಜಾರಿಕೊಂಡ. ಅವನ ನಕ್ಷೆಯಲ್ಲಿ ಊಟದ ಕಟ್ಟೆಯಿಂದ ಎರಡು ತಂತಿ ನೇರವಾಗಿ ಸಾವಕಾರರ ಆಫೀಸಿಗೆ ಹೋಗಿದ್ದವು.

ಊಟದ ಕಟ್ಟೆ ಎಂದರೆ ಹಂಚಿನ ಮಾಡಿನ ಕೆಳಗಿನ ಉದ್ದನ್ನ ಕಲ್ಲುಕಟ್ಟೆ. ಮಧ್ಯಾಹ್ನದ ಭೋಂಗಾ, ಅಂದರೆ ಗಿರಣಿಯ ಸೀಟಿ, ಆದ ಕೂಡಲೇ ರೀಲಿಂಗ್ ಖಾತೆಯ ಹೆಣ್ಣುಮಕ್ಕಳು, ಅಂದರೆ ನೂಲನ್ನು ಲಡಿಯಾಗಿ ಸುತ್ತುವವರು, ಅಲ್ಲಿ ಕೂತು ಬುತ್ತಿಯ ಗಂಟು ಬಿಚ್ಚುತ್ತಿದ್ದರು. ಅವರಲ್ಲಿ ಹಿರಿಯಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು, ನಾನೂ. ನನ್ನ ಹೆಂಡತಿ ಮಕ್ಕಳು ಕಣಗಲಾದಲ್ಲಿ, ನಾನು ಚಾಳಿನಲ್ಲಿ ಒಬ್ಬನೇ. ಎಷ್ಟೋ ವರ್ಷದಿಂದ ಅಕ್ಕನ ಗಂಟಿನ ಒಂದು ರೊಟ್ಟಿ ನನ್ನದು. ಕಟ್ಟೆಯ ಮೇಲೆ ಅವಳ ಬಲಕ್ಕೆ ಕೂರಲು ಒಂದು ಮೊಳ ಕಲ್ಲೂ ನನ್ನದು.

ಆ ದಿನಗಳಲ್ಲಿ ಆ ಕಟ್ಟೆಯ ಮೇಲೆ ಒಂದು ಮಾತು ಗುಟ್ಟಾಗಿ ನಡೆದಿತ್ತು. ರೀಲಿಂಗಿನಲ್ಲಿ ಹನ್ನೊಂದು ಮಂದಿ ಕೂಸಿನ ತಾಯಂದಿರಿದ್ದರು. ಮುಂಜಾನೆಯ ಹೊತ್ತು ಅರ್ಧ ತಾಸು ಮನೆಗೆ ಹೋಗಿ ಕೂಸಿಗೆ ಹಾಲು ಕುಡಿಸಿ ಬರಲು ಬಿಡಿ ಎಂದು ಕೇಳಬೇಕು ಅಂತ ಅಕ್ಕ ಅವರನ್ನು ಒಂದುಗೂಡಿಸುತ್ತಿದ್ದಳು. ಹಿಂದೊಮ್ಮೆ ಒಬ್ಬಳೇ ಹೋಗಿ ಕೇಳಿದವಳಿಗೆ, ನಾಳೆಯಿಂದ ಇಡೀ ದಿನ ಮನೆಯಲ್ಲೇ ಕುಡಿಸು ಎಂದು ಜಾಬರ್, ಅಂದರೆ ಖಾತೆಯ ಮೇಸ್ತ್ರಿ, ಹೇಳಿ ಕಳಿಸಿದ್ದ. ಎಲ್ಲರೂ ಗಟ್ಟಿಯಾಗುವ ಮೊದಲೇ ಸುದ್ದಿ ಆಫೀಸಿಗೆ ಮುಟ್ಟಿದರೆ ಅಕ್ಕನ ಕೆಲಸ ಹೋಗುವುದು ಖಂಡಿತ. ಗಂಡನಿಲ್ಲದ ಹೆಂಗಸು, ಆ ಪಗಾರದ ಮೇಲೆಯೇ ಮೂರು ಜೀವ.

ಕಿವಿಯನ್ನು ಪರೀಕ್ಷೆ ಮಾಡಿಯೇ ಬಿಡೋಣ ಎಂದು, ಸಾವಕಾರರ ಅಪ್ಪಣೆಯಂತೆ ಅದನ್ನು ಕಟ್ಟೆಯ ಕಂಬಕ್ಕೆ ಏರಿಸಿ, ಆಫೀಸಿನವರೆಗೆ ತಂತಿ ಎಳೆದೆ. ಮಧ್ಯಾಹ್ನ ಆಫೀಸಿನಲ್ಲಿ ಯಾರೂ ಇಲ್ಲದಾಗ ಆ ತಂತಿಯ ತುದಿಗೆ ಒಂದು ಹಳೆಯ ಟೆಲಿಫೋನ್ ರಿಸೀವರ್ ಕಟ್ಟಿ ಕಿವಿಗೆ ಹಿಡಿದೆ. ಮೊದಲು ಏನೂ ಇಲ್ಲ. ಆಮೇಲೆ ಸಣ್ಣಗೆ ಬಳೆಯ ಸದ್ದು. ಯಾರೋ ನಕ್ಕಿದ್ದು. ಬುತ್ತಿಯ ಡಬ್ಬಿಯ ಮುಚ್ಚಳ ಬಿದ್ದದ್ದು. ಶಿವಶಿವಾ! ಬ್ಯಾಟರಿ ಇಲ್ಲ, ಕರೆಂಟಿಲ್ಲ, ಅದು ಕೇಳುತ್ತಿತ್ತು.

ಓಡಿಹೋಗಿ ಅಕ್ಕನ ಕಿವಿಯಲ್ಲಿ ಹೇಳಿದೆ. "ಅಕ್ಕಾ, ಅದು ಬಾಯಿ ಅಲ್ಲ, ಕಿವಿ. ಸಾವಕಾರ್ರು ತಮ್ಮ ಕೈಲೇ ಹಂಗ ಬರದಾರ. ನಾ ಕೇಳಿ ಬಂದೇನಿ."

ಮರುದಿನ ಊಟದ ಕಟ್ಟೆ ಬಿಕೋ ಎನ್ನುತ್ತಿತ್ತು. ಹೆಣ್ಣುಮಕ್ಕಳೆಲ್ಲ ಬಿಸಿಲಲ್ಲಿ, ಗೇಟಿನಾಚೆಯ ಬೋಳು ಹುಣಸೆ ಮರದ ಬುಡದಲ್ಲಿ ಒತ್ತೊತ್ತಾಗಿ ಕೂತಿದ್ದರು. ನಾನು ಹತ್ತಿರ ಹೋದರೆ ಮಾತು ನಿಂತಿತು. ತಂತಿ ಎಳೆದವನು ನಾನೇ ಅಲ್ಲವೇ! ಅಕ್ಕ ರೊಟ್ಟಿ ಕೊಟ್ಟಳು, ಆದರೆ ಕೂರು ಎನ್ನಲಿಲ್ಲ. ನಿಂತೇ ತಿಂದೆ.

ಮೂರನೆಯ ದಿನ ಸಾವಕಾರರು ಕರೆಸಿದರು. "ಕಟ್ಟಿ ಬಿಟ್ಟು ಮಂದಿ ಬಿಸಲಾಗ ಯಾಕ ಉಣ್ಣಾಕತ್ತೈತಿ?"

ನನಗೂ ಸಿಟ್ಟು ಬಂದಿತ್ತು. ಯಾದಿಯನ್ನು ಅವರ ಮುಂದಿಟ್ಟು ಆ ಸಾಲಿನ ಮೇಲೆ ಬೆರಳಿಟ್ಟೆ. "ಉಣ್ಣೂ ಜಾಗಾದಾಗ ಕಿವಿ ಹಚ್ಚಿದ್ರ ಯಾರ ಕೂಡ್ತಾರ್ರಿ?"

"ಕಿವಿ?" ಅವರು ಕನ್ನಡಕ ಏರಿಸಿ ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಅಯ್ಯ ಹುಚ್ಚಾ! ಕರ್ಣಾ ಅಂದ್ರ ಮರಾಠ್ಯಾಗ ಭೋಂಗಾ! ಗ್ರಾಮಾಫೋನಿನ ತುತ್ತೂರಿ! ಇಲ್ಲಿ ಆಫೀಸಿನಾಗ ಪ್ಲೇಟ ಹಚ್ಚಿದ್ರ ಅಲ್ಲಿ ಉಣ್ಣೂಮುಂದ ಎರಡು ಹಾಡ ಕೇಳ್ಲಿ ಅಂತ ನಾ ಬರದ್ರ, ನೀ ಕಿವಿ ಮಾಡಿದೆಲ್ಲೊ!"

ಅವರ ಮನೆಯಲ್ಲಿ ಎರಡೂ ಭಾಷೆ, ಅವರು ಓದಿದ್ದು ಕೊಲ್ಲಾಪುರದ ಕಡೆ. ಆ ಮಾತು ನಮ್ಮ ಕಣಗಲಾದ ಸಾಲಿಯಲ್ಲಿ ಇರಲಿಲ್ಲ. ನಾಚಿಕೆಯಿಂದ ನನ್ನ ಮುಖಕ್ಕೆ ಬಿಸಿ ಏರಿತು. ಅಲ್ಲಿಗೆ ಬಾಯಿ ಮುಚ್ಚಿಕೊಂಡು ಬಂದಿದ್ದರೆ ಆಗುತ್ತಿತ್ತು. ಆದರೆ ಸೋಲೊಪ್ಪುವ ಜಾತಿ ನಾನಲ್ಲ.

"ಏನರ ಅನ್ರಿ, ಅದು ಕೇಳಸ್ತೈತ್ರಿ," ಎಂದುಬಿಟ್ಟೆ. "ಹಾಡೂ ಭೋಂಗಾನಽ ಉಲ್ಟಾ ಹಚ್ಚಿದ್ರ ಕಿವೀನೂ ಆಗ್ತೈತಿ. ನಾನಽ ರಿಸೀವರ್ ಹಚ್ಚಿ ಕೇಳೇನಿ."

ಸಾವಕಾರರ ನಗು ನಿಂತಿತು. ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. ಬಹಳ ಹೊತ್ತು ಒರೆಸಿದರು. "ಹೌದ?" ಎಂದರು ಮೆತ್ತಗೆ. "ಅಲ್ಲಿ ಮಾತಾಡಿದ್ದು ಇಲ್ಲಿ ಕೇಳಸ್ತೈತಿ? ನಾಳೆ ಮಧ್ಯಾಹ್ನ ತೋರ್ಸು. ಹೆಣ್ಮಕ್ಕಳಿಗೆ ಹೇಳು, ಅದು ಬರೇ ಹಾಡಿನ ಭೋಂಗಾ ಅಂತ. ಒಳಗ ಬಂದು ಉಣ್ಣಲಿ."

ಥೂ ನನ್ನ ಬಾಯಿಗಿಷ್ಟು! ಅವರ ಮನಸ್ಸಿನಲ್ಲಿ ಇಲ್ಲದ ಕಿವಿಯನ್ನು ನಾನೇ ಹುಟ್ಟಿಸಿಕೊಟ್ಟಿದ್ದೆ.

ಸಂಜೆಯ ಭೋಂಗಾ ಆದ ಮೇಲೆ ಗೇಟಿನ ಹೊರಗೆ ಅಕ್ಕನಿಗೆ ಕಾದು ನಿಂತೆ. ಸುಳ್ಳು ಹೇಳಿ ಒಳಗೆ ಕೂರಿಸಬಹುದಿತ್ತು, ಇಲ್ಲವೇ ತಂತಿ ಕಡಿದು ಕೆಟ್ಟಿತು ಎನ್ನಬಹುದಿತ್ತು. ಎರಡನ್ನೂ ದಿನವಿಡೀ ಯೋಚಿಸಿದ್ದೆ. ಅವಳನ್ನು ಕಂಡ ಮೇಲೆ ಎರಡೂ ಬಾಯಿಗೆ ಬರಲಿಲ್ಲ. ಕರ್ಣಾದ ಕಥೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ.

"ಒಂದ ಮಾತ ಹೇಳು," ಎಂದಳು ಅಕ್ಕ. "ಅದು ಕೇಳಸ್ತೈತಿ ಅಂತ ಅವರಿಗೆ ಮೊದಲ ಗೊತ್ತಿತ್ತೇನು?"

"ಇಲ್ಲ."

"ಮತ್ತ ಹೇಳಿದವರು ಯಾರು?"

"ನಾನಽ."

ಅವಳು ಸೆರಗು ಬಿಗಿದುಕೊಂಡಳು. ಬೈದಿದ್ದರೆ ಚೆನ್ನಾಗಿತ್ತು. "ನಾಳೆ ಎಷ್ಟ ಹೊತ್ತಿಗೆ?" ಎಂದಳು.

"ಭೋಂಗಾ ಆದ ಮ್ಯಾಲ."

"ಆತು ಹೋಗು," ಎಂದಳು.

ಮರುದಿನ ಭೋಂಗಾ ಆಯಿತು. ಆಫೀಸಿನ ಕಿಟಕಿಯಿಂದ ನೋಡಿದೆ. ಹೆಣ್ಣುಮಕ್ಕಳೆಲ್ಲ ಸಾಲಾಗಿ ಊಟದ ಕಟ್ಟೆಗೆ ಬಂದರು. ಅಕ್ಕ ಮುಂದಿದ್ದಳು. ನಾನು ರಿಸೀವರನ್ನು ಸಾವಕಾರರ ಕೈಗೆ ಕೊಟ್ಟೆ. ಅವರು ಕಿವಿಗೆ ಹಿಡಿದು ಮೊದಲು ಕಣ್ಣು ಕಿರಿದು ಮಾಡಿದರು. ತಟ್ಟನೆ ಬೆಚ್ಚಿಬಿದ್ದು ರಿಸೀವರನ್ನು ದೂರ ಹಿಡಿದರು. ಎರಡು ಹೆಜ್ಜೆ ಆಚೆ ನಿಂತಿದ್ದ ನನಗೂ ಆ ದನಿ ಕೇಳಿಸಿತು. ಅಕ್ಕ ಕಟ್ಟೆ ಹತ್ತಿ, ಆ ಧತ್ತೂರಿ ಹೂವಿನೊಳಗೆ ಮುಖ ಇಟ್ಟು ಮಾತಾಡುತ್ತಿದ್ದಳು.

"ಸಾವಕಾರ್ರ, ಕೇಳಾಕತ್ತೀರೇನ್ರಿ? ನಾನು ರೀಲಿಂಗಿನ ಅಕ್ಕ. ಕದ್ದು ಯಾಕ ಕೇಳ್ತೀರಿ, ನಾವಽ ಹೇಳ್ತೇವಿ. ಇಲ್ಲಿ ಹನ್ನೊಂದು ಮಂದಿ ಬಾಣಂತ್ಯಾರು ಅದಾರ. ಮುಂಜಾನಿ ಭೋಂಗಾದಿಂದ ಮಧ್ಯಾಹ್ನದ ಭೋಂಗಾತನಕಾ ಇವರ ಕುಪ್ಪಸ ತೊಯ್ತಾವ, ಅಲ್ಲಿ ಕೂಸು ಒಣ ಬಾಯಿಲೆ ಅಳ್ತಾವ. ನಿಮ್ಮ ಲಡಿ ಕಮ್ಮಿ ಆಗದಂಗ ನಾವು ನೋಡ್ಕೋತೇವಿ. ಅರ್ಧ ತಾಸು ಬಿಡ್ರಿ. ಯಾರನ್ನರ ಕೆಲಸದಿಂದ ತಗೀಬೇಕಂದ್ರ ನನ್ನ ತಗೀರಿ, ಮುಂದ ಬಂದಾಕಿ ನಾನು. ಇಷ್ಟ ಹೇಳೂದಿತ್ತು."

ಸಾವಕಾರರು ನನ್ನತ್ತ ತಿರುಗಿದರು.

"ಆಕಿಗೆ ನೀ ಹೇಳಿದೇನು?"

"ಹೌದ್ರಿ." ಹೋಯಿತು ನನ್ನ ಕೆಲಸ ಎಂದುಕೊಂಡೆ.

ಅವರು ರಿಸೀವರನ್ನು ತಿರುವಿ ತಿರುವಿ ನೋಡಿದರು. "ನಾ ಇದರಾಗ ಮಾತಾಡಿದ್ರ ಆಕಿಗೆ ಕೇಳಸ್ತೈತೇನು?"

"ಇಲ್ರಿ. ಇದು ಸಣ್ಣದೈತಿ, ಇದರ ದನಿ ಅಲ್ಲಿ ಯಾರಿಗೂ ಕೇಳಂಗಿಲ್ಲ. ಉತ್ತರಾ ಕೊಡಬೇಕಂದ್ರ ನೀವಽ ಅಲ್ಲಿಗೆ ಹೋಗಬೇಕ್ರಿ."

ಅವರು ರಿಸೀವರನ್ನು ಮೇಜಿನ ಮೇಲಿಟ್ಟು ಎದ್ದರು. ಗೂಟದ ಮೇಲಿನ ರುಮಾಲು ತೆಗೆದು ಸುತ್ತಿಕೊಂಡರು. ಬಾಗಿಲ ಬಳಿ ಒಮ್ಮೆ ನಿಂತರು, ಆಮೇಲೆ ಬಿಸಿಲಿಗಿಳಿದು ಕಟ್ಟೆಯತ್ತ ನಡೆದರು. ಕೆಲಸ ಬಿಡಿಸಲು ಹೋದರೋ, ಬಿಡುವು ಕೊಡಲು ಹೋದರೋ, ಬೆನ್ನು ನೋಡಿದರೆ ಗೊತ್ತಾಗುವಂತಿರಲಿಲ್ಲ. ನನ್ನ ಸಂಶಯ ಸುಮ್ಮನಿದ್ದೀತೇ? ಮೇಜಿನ ಮೇಲಿನ ರಿಸೀವರನ್ನು ತೆಗೆದು ಕಿವಿಗೆ ಒತ್ತಿಕೊಂಡೆ. ಸಾವಕಾರರ ದನಿ ದೂರದಿಂದ ಬಂತು: "ಸ್ವಾಮಾರದಿಂದ... ಅರ್ಧ ತಾಸು... ಪಾಳಿ ಹಚ್ಚಿ ಹೋಗ್ರಿ, ಎಲ್ಲಾರೂ ಒಮ್ಮಿಗೆ ಬ್ಯಾಡ." ಆಮೇಲೆ ಗದ್ದಲ, ಬಳೆ, ಯಾರೋ ಅತ್ತಂತೆ, ಯಾರೋ ನಕ್ಕಂತೆ. ನನ್ನ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಕಿವಿಯ ಪರದೆ ಹರಿಯುವಂತೆ ಅಕ್ಕನ ದನಿ:

"ತಮ್ಮಾ! ಈಗ ನೀ ಕೇಳಾಕತ್ತೀ ಹೌದಲ್ಲೋ? ಕೆಳಗಿಡು ಅದನ್ನ!"

ಇಟ್ಟೆ.

ಅಂದು ಸಂಜೆ ನಾನು ನನ್ನ ಆಯ್ಕೆಯನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಲ್ಯಾಂಟರ್ನ್ ಇರಲಿ, ಕಾವು ತಡೆಯುವ ಗಾಜು ಹಾಕಿಸಿ. ಮೈಕು, ಪೆಟ್ಟಿಗೆ, ಎರಡು ಸ್ಪೀಕರು ಕನ್ವರ್ಟರಿನ ಸಮೇತ ಇರಲಿ, ಏಜೆಂಟ ತಾನೇ ಬಂದು ತಿಂಗಳಿಗೊಮ್ಮೆ ವಾಲ್ವು ನೋಡಬೇಕು. ಊಟದ ಕಟ್ಟೆಯ ಕರ್ಣಾ ಬೇಡ. ಸಾವಕಾರರು ಓದಿ ಸಹಿ ಮಾಡಿದರು. ಕೊನೆಯ ಸಾಲಿಗೆ ಕಾರಣ ಬರೆದಿರಲಿಲ್ಲ, ಅವರೂ ಕೇಳಲಿಲ್ಲ. ಅವರು ಅರ್ಧ ತಾಸು ಕೊಟ್ಟದ್ದು ಕರುಳು ಚುರ್ ಎಂದದ್ದಕ್ಕೋ, ಕದ್ದು ಕೇಳಿ ಸಿಕ್ಕಿಬಿದ್ದ ನಾಚಿಕೆಗೋ, ಇಂದಿಗೂ ನನಗೆ ಗೊತ್ತಿಲ್ಲ.

ಮರುದಿನ ಮಧ್ಯಾಹ್ನ ಕರ್ಣಾ ಇಳಿಸಿ ಕಟ್ಟೆಯ ಮುಂದೆಯೇ ಪೆಟ್ಟಿಗೆಗೆ ಹಾಕಿದೆ. ಅಕ್ಕ ಊಟ ಬಿಟ್ಟು ಬಂದು ನಿಂತಳು. ತಂತಿಯ ತುಂಡುಗಳನ್ನು ಜಗ್ಗಿ ನೋಡಿದಳು. ಮುಚ್ಚಳಕ್ಕೆ ಮೊಳೆ ಹೊಡೆದೆ.

"ಇನ್ನೊಂದ ಹೊಡಿ," ಎಂದಳು.

ಹೊಡೆದೆ.

"ಆ ಮೂಲಿಗೂ ಒಂದು."

ಅದಕ್ಕೂ ಹೊಡೆದು ಸುತ್ತಿಗೆ ಕೆಳಗಿಟ್ಟೆ. "ಅಕ್ಕಾ, ನನ್ನ ಮ್ಯಾಲ ಇನ್ನೂ ಸಂಶೇ ಐತೇನಬೇ?"

"ಐತಿ," ಎಂದಳು ಅಕ್ಕ. ಹೋಗಿ ತನ್ನ ಜಾಗದಲ್ಲಿ ಕೂತು, ಬಲಕ್ಕಿದ್ದ ಗಂಟನ್ನು ಎತ್ತಿ ಎಡಕ್ಕಿಟ್ಟಳು. "ಬಾ, ಕುಂತು ಉಣ್ಣು."